ಬಾಗಿಲು ತೆರೆದೇ ಇದ್ದರೂ ಹುಡುಗರು ಎದ್ದು ಹೋಗುವುದಿಲ್ಲ ಯಾಕೆ?

ಪ್ರಶ್ನೆ: ನಮ್ಮಕ್ಕನ ಕುಟುಂಬ ಇಪ್ಪತ್ತು ವರ್ಷದಿಂದ ಅಮೆರಿಕದ ಒಹಾಯೋದಲ್ಲಿದೆ. ಅವಳ ಮಗ ಈ ವರ್ಷ ಅಲ್ಲೇ ಯೂನಿವರ್ಸಿಟಿ ಸೇರಿದ್ದಾನೆ. ಮೊನ್ನೆ ಫೋನಿನಲ್ಲಿ "ಮಾಮ, ನಾನೊಂದು ಫ್ರಟರ್ನಿಟಿ ಸೇರ್ತಿದೀನಿ" ಅಂದ. ಅದೇನು ಅಂತ ತಿಳಿದುಕೊಳ್ಳೋಣ ಎಂದು 'ಗೋಟ್' ಅನ್ನೋ ಇಂಗ್ಲಿಷ್ ಸಿನಿಮಾ ನೋಡಿದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಇದೆಲ್ಲ ನಿಜವಾ, ಇಲ್ಲ ಸಿನಿಮಾಕ್ಕೆ ಅಂತ ಜಾಸ್ತಿ ಮಾಡಿದ್ದಾರಾ? ಅಷ್ಟು ಹೊಡೆಸಿಕೊಂಡು, ಉಗಿಸಿಕೊಂಡು ಆ ಹುಡುಗರು ಎದ್ದು ಹೋಗುವುದಿಲ್ಲ ಯಾಕೆ? ಬಾಗಿಲಿಗೆ ಯಾರೂ ಬೀಗ ಹಾಕಿಲ್ಲವಲ್ಲ? ಭಾವ "ಕಾಲೇಜಲ್ಲಿ ಇದೆಲ್ಲ ಇದ್ದದ್ದೇ" ಅಂತಾರೆ. ಹುಡುಗನಿಗೆ ನಾನು ಏನು ಹೇಳಲಿ?
— ಶಿವಮೊಗ್ಗದಿಂದ ಒಬ್ಬ ಸೋದರಮಾವ

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದೇ ದೊಡ್ಡದು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ, ವಿದ್ಯಾರ್ಥಿಗಳ ಶಿಸ್ತಿನ ವಿಚಾರ ನೋಡುವ ಕಚೇರಿಯಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಶುರುವಿನಲ್ಲಿ ನಾನೂ ಎದುರಿಗೆ ಕೂತ ಹುಡುಗನಿಗೆ ಅದನ್ನೇ ಕೇಳುತ್ತಿದ್ದೆ. "ಯಾಕಪ್ಪಾ ಎದ್ದು ಬರಲಿಲ್ಲ?" ಕೇಳಿದ ಕೂಡಲೇ ಅವನ ಬಾಯಿ ಮುಚ್ಚಿಹೋಗುತ್ತಿತ್ತು. ಅವನೂ ಅದೇ ಪ್ರಶ್ನೆಯನ್ನು ರಾತ್ರಿಯೆಲ್ಲ ತನಗೆ ತಾನೇ ಕೇಳಿಕೊಂಡಿರುತ್ತಿದ್ದ. ಆಮೇಲೆ ನಾನು ಆ ಪ್ರಶ್ನೆ ಬಿಟ್ಟೆ.

ಮೊದಲು ಸಿನಿಮಾದ ವಿಚಾರ. ನೀವು ನೋಡಿದ್ದು 2016ರ 'ಗೋಟ್'. (ಈಗ ಈ ಹೆಸರು ಹಾಕಿ ಹುಡುಕಿದರೆ ಮೊದಲು ವಿಜಯ್ ಅವರ ತಮಿಳು ಚಿತ್ರವೇ ಬರುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ನಿರ್ದೇಶಕ ಆಂಡ್ರ್ಯೂ ನೀಲ್. ಆ ವರ್ಷದ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು. ಬ್ರ್ಯಾಡ್ ಲ್ಯಾಂಡ್ ಎಂಬ ಲೇಖಕ ತನ್ನ ಬದುಕಿನ ಬಗ್ಗೆ 2004ರಲ್ಲಿ ಬರೆದ ಪುಸ್ತಕವೇ ಇದರ ಮೂಲ. ಪುಸ್ತಕದ ಕಥೆ ನಡೆಯುವುದು ದಕ್ಷಿಣ ಕೆರೊಲಿನಾ ರಾಜ್ಯದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ. ಸಿನಿಮಾದಲ್ಲಿ ಊರು, ಕಾಲೇಜು, ಫ್ರಟರ್ನಿಟಿಯ ಹೆಸರು ಎಲ್ಲ ಬದಲಾಗಿವೆ. ಚಿತ್ರೀಕರಣ ಆದದ್ದು ಒಹಾಯೋದ ಸಿನ್ಸಿನಾಟಿಯಲ್ಲಿ. ಅಂದರೆ ನೀವು ನೋಡಿದ ರಸ್ತೆ, ಮನೆ, ಮರಗಳೆಲ್ಲ ನಿಮ್ಮಕ್ಕನ ರಾಜ್ಯದವೇ. ನಿದ್ದೆ ಕೆಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ ಬಿಡಿ.

ಮುಂದೆ ಓದುವ ಮೊದಲು ಒಂದಿಷ್ಟು ಪದಗಳು ಬೇಕು, ಇಲ್ಲದಿದ್ದರೆ ಅಳಿಯನ ಮಾತೇ ನಿಮಗೆ ಅರ್ಥವಾಗುವುದಿಲ್ಲ. ಫ್ರಟರ್ನಿಟಿ ಅಂದರೆ ಕಾಲೇಜು ಹುಡುಗರ ಖಾಸಗಿ ಸಂಘ. ಗ್ರೀಕ್ ಅಕ್ಷರಗಳ ಹೆಸರು, ತಮ್ಮದೇ ಒಂದು ಮನೆ, ಹೊರಗಿನವರಿಗೆ ಹೇಳಬಾರದ ಕೆಲವು ಆಚರಣೆ. ಈಗಿನ ರೂಪದ ಮೊದಲ ಸಂಘ ಶುರುವಾದದ್ದು 1825ರಲ್ಲಿ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ. ಹುಡುಗರು ಮನೆಮನೆ ಸುತ್ತಿ ಪರಿಚಯ ಮಾಡಿಕೊಳ್ಳುವುದು 'ರಷ್'. "ನೀನು ನಮಗೆ ಬೇಕು" ಎಂದು ಸಂಘ ಕರೆಯುವುದು 'ಬಿಡ್'. ಕರೆ ಒಪ್ಪಿಕೊಂಡವನು 'ಪ್ಲೆಜ್'. ಅವನಿನ್ನೂ ಪೂರ್ತಿ ಒಳಗಿನವನಲ್ಲ, ಕೆಲವು ವಾರ ಕಾಯಬೇಕು. ಆ ವಾರಗಳಲ್ಲಿ ಅವನಿಗೆ ಮಾಡುವ ಹಿಂಸೆ, ಅವಮಾನಕ್ಕೆ 'ಹೇಜಿಂಗ್' ಎನ್ನುತ್ತಾರೆ. ಕೊನೆಯ ವಾರಕ್ಕೆ 'ಹೆಲ್ ವೀಕ್' ಎಂದೇ ಹೆಸರು. ನಿಮ್ಮ ಅಳಿಯ "ಸೇರ್ತಿದೀನಿ" ಅಂದನಲ್ಲ, ಅವನು ರಷ್‌ನಲ್ಲಿದ್ದಾನೋ ಪ್ಲೆಜ್ ಆಗಿಬಿಟ್ಟಿದ್ದಾನೋ ಅಂತ ಮೊದಲು ಕೇಳಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಈಗ ಆ ಹುಡುಗ ಬ್ರ್ಯಾಡ್‌ನ ಕಥೆಗೆ ಬರೋಣ. ಸಿನಿಮಾವನ್ನು ಬರೀ ಹೇಜಿಂಗ್ ಬಗ್ಗೆ ಅಂತ ನೋಡಿದರೆ ಅರ್ಧ ಮಾತ್ರ ಸಿಗುತ್ತದೆ. ಶುರುವಿನಲ್ಲಿ ಏನಾಗುತ್ತದೆ ನೆನಪಿದೆಯಲ್ಲ? ಕಾಲೇಜು ಸೇರುವ ಮುನ್ನ, ಅಣ್ಣನ ಫ್ರಟರ್ನಿಟಿಯ ಪಾರ್ಟಿಯಿಂದ ಬ್ರ್ಯಾಡ್ ಒಬ್ಬನೇ ಹೊರಡುತ್ತಾನೆ. ಅಪರಿಚಿತನೊಬ್ಬ ಡ್ರಾಪ್ ಕೇಳುತ್ತಾನೆ. ಇನ್ನೊಬ್ಬನೂ ಹತ್ತುತ್ತಾನೆ. ಊರಾಚೆಯ ಹೊಲಕ್ಕೆ ಕರೆದೊಯ್ದು ಚೆನ್ನಾಗಿ ಬಡಿದು ಕಾರು ಕಿತ್ತುಕೊಂಡು ಹೋಗುತ್ತಾರೆ. ಪುಸ್ತಕದಲ್ಲಿ ಆ ಇಬ್ಬರಿಗೆ ಹೆಸರೇ ಇಲ್ಲ. ಒಬ್ಬ 'ನಗು', ಇನ್ನೊಬ್ಬ 'ಉಸಿರು'. ಹೊಡೆತ ತಿಂದವನಿಗೆ ನೆನಪಿರುವುದು ಅಷ್ಟೇ.

ಮೈಮೇಲಿನ ಗಾಯ ಮಾಯುತ್ತದೆ. ಆದರೆ "ನಾನು ಯಾಕೆ ತಿರುಗಿ ಹೊಡೆಯಲಿಲ್ಲ" ಅನ್ನುವುದು ಅವನೊಳಗೆ ಕೂತುಬಿಡುತ್ತದೆ. ಅವನು ಅಣ್ಣ ಬ್ರೆಟ್‌ನ ಫ್ರಟರ್ನಿಟಿಯನ್ನೇ ಸೇರಲು ಹೊರಡುವುದು ಅದಕ್ಕೆ. ಅಲ್ಲಿ ಗಟ್ಟಿಮುಟ್ಟಾದ ನಲವತ್ತು ಜನ ಬೆನ್ನಿಗಿರುತ್ತಾರೆ. ಇನ್ನು ಯಾರೂ ತನ್ನನ್ನು ಮುಟ್ಟಲಾರರು ಅಂದುಕೊಳ್ಳುತ್ತಾನೆ. ಹೊರಗಿನವರ ಹೊಡೆತದಿಂದ ತಪ್ಪಿಸಿಕೊಳ್ಳಲು ಒಳಗಿನವರ ಹೊಡೆತಕ್ಕೆ ಬೆನ್ನು ಕೊಡುತ್ತಾನೆ. ಹೊಲದಲ್ಲಿ ಬಿದ್ದ ಏಟು, ಆ ಮನೆಯಲ್ಲಿ ಬಿದ್ದ ಏಟು ಎರಡನ್ನೂ ನಿರ್ದೇಶಕರು ಒಂದೇ ಥರ ಚಿತ್ರಿಸಿದ್ದಾರೆ. ನನಗೆ ಈ ಸಿನಿಮಾದಲ್ಲಿ ಬಹಳ ಹಿಡಿಸಿದ್ದು ಇದೇ. ಮೊದಲ ಸಲ ಅವನಿಗೆ ಹೊಡೆದವರನ್ನು ಪೊಲೀಸರು ಹುಡುಕುತ್ತಾರೆ. ಎರಡನೇ ಸಲ ಹೊಡೆದವರನ್ನು ಅವನೇ 'ಬ್ರದರ್' ಅನ್ನಬೇಕು.

ಈಗ ನಿಮ್ಮ "ಯಾಕೆ ಎದ್ದು ಹೋಗಲ್ಲ" ಪ್ರಶ್ನೆ.

ನಾವು ಕಂಡ ರ‍್ಯಾಗಿಂಗ್‌ಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ನಾನು ಓದಿದ ಕಾಲದಲ್ಲಿ ಹಾಸ್ಟೆಲಿಗೆ ಹೋದ ಮೊದಲ ರಾತ್ರಿಯೇ ಸೀನಿಯರ್‌ಗಳು ಕರೆಸಿ, ಬೆಂಕಿಕಡ್ಡಿ ಕೊಟ್ಟು "ಈ ರೂಮು ಎಷ್ಟು ಕಡ್ಡಿ ಉದ್ದ ಇದೆ, ಅಳೆದು ಹೇಳು" ಅನ್ನುತ್ತಿದ್ದರು. ತಲೆ ಎತ್ತುವ ಹಾಗಿಲ್ಲ, ನೋಟ ಅಂಗಿಯ ಮೂರನೇ ಗುಂಡಿಯ ಮೇಲೇ ಇರಬೇಕು. ನಾನು ಹೋದದ್ದು ಎಂಜಿನಿಯರಿಂಗ್ ಓದಲು. ರ‍್ಯಾಗಿಂಗ್ ನಾನು ಕೇಳಿದ್ದಲ್ಲ, ದಾರಿಯಲ್ಲಿ ಮಳೆ ಬಂದ ಹಾಗೆ ಮೇಲೆ ಬಿತ್ತು. ಹಾಗಾಗಿ ಮನಸ್ಸಿನಲ್ಲಾದರೂ ಅವರಿಗೆ ಶಾಪ ಹಾಕಬಹುದಿತ್ತು. ಹೇಜಿಂಗ್ ಹಾಗಲ್ಲ. ಅಲ್ಲಿ ಹುಡುಗ ತಾನೇ ಹೋಗಿ ಬಾಗಿಲು ತಟ್ಟಿರುತ್ತಾನೆ. ಒಳ್ಳೆ ಅಂಗಿ ಹಾಕಿಕೊಂಡು, ನಗುನಗುತ್ತಾ, "ನನ್ನನ್ನು ಸೇರಿಸಿಕೊಳ್ಳಿ" ಎಂದಿರುತ್ತಾನೆ. ಆಮೇಲೆ ಬೀಳುವ ಪ್ರತಿ ಏಟಿಗೂ ಅವನದೇ ಸಹಿ ಇದ್ದಂತೆ. ಯಾರನ್ನು ಬೈಯುವುದು?

ನನ್ನ ಮುಂದೆ ಕೂತ ಒಬ್ಬ ಹುಡುಗನ ಮಾತು ಈಗಲೂ ಕಿವಿಯಲ್ಲಿದೆ. ಮೈಮೇಲೆ ಬಾಸುಂಡೆ ಎದ್ದಿದ್ದವು. "ಯಾರೂ ನನಗೆ ಏನೂ ಮಾಡಿಲ್ಲ ಸರ್, ನಾನೇ ಮಾಡಿಕೊಂಡೆ" ಅಂದ. ಸುಳ್ಳು ಹೇಳುತ್ತಿದ್ದಾನೆ ಅಂತ ಆಗ ಅನಿಸಿತ್ತು. ಅಲ್ಲ, ಅವನು ಹಾಗೇ ನಂಬಿದ್ದ.

ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಅಮೆರಿಕದ ಮೇನ್ ರಾಜ್ಯದ ವಿಶ್ವವಿದ್ಯಾಲಯದ ಎಲಿಜಬೆತ್ ಆಲನ್ ಮತ್ತು ಮೇರಿ ಮ್ಯಾಡನ್ 2008ರಲ್ಲಿ ಒಂದು ದೊಡ್ಡ ಸಮೀಕ್ಷೆ ಪ್ರಕಟಿಸಿದರು. 53 ಕಾಲೇಜುಗಳು, 11 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಸಂಘ, ತಂಡ, ಕ್ಲಬ್ಬುಗಳಲ್ಲಿದ್ದವರ ಪೈಕಿ ಶೇ 55 ಜನರಿಗೆ ಹೇಜಿಂಗ್ ಎನ್ನಬಹುದಾದ ಅನುಭವ ಆಗಿತ್ತು. ಬರೀ ಫ್ರಟರ್ನಿಟಿ ಅಲ್ಲ ನೋಡಿ, ಕ್ರೀಡಾ ತಂಡ, ಬ್ಯಾಂಡ್ ಎಲ್ಲ ಸೇರಿ. ನನಗೆ ಮುಖ್ಯ ಅನಿಸಿದ್ದು ಮುಂದಿನ ಸಂಗತಿ. ಹಾಗೆ ಅನುಭವಿಸಿದ ಹತ್ತರಲ್ಲಿ ಒಂಬತ್ತು ಜನ "ನನಗೆ ಹೇಜಿಂಗ್ ಆಗಿದೆ" ಅಂತ ಒಪ್ಪುವುದಿಲ್ಲ. ಹಾಗಾಗಿ ಅಳಿಯನಿಗೆ "ನಿನಗೆ ಹೇಜಿಂಗ್ ಮಾಡ್ತಿದಾರಾ?" ಅಂತ ಕೇಳಬೇಡಿ. "ಇಲ್ಲ ಮಾಮ" ಅನ್ನುತ್ತಾನೆ. ಅವನ ಲೆಕ್ಕದಲ್ಲಿ ಅದು ನಿಜವೂ ಹೌದು.

ಇನ್ನೊಂದು ಹಳೆಯ ಪ್ರಯೋಗವಿದೆ. 1959ರಲ್ಲಿ ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ್ದು. ಕಾಲೇಜು ಹುಡುಗಿಯರನ್ನು ಒಂದು ಚರ್ಚಾಗುಂಪಿಗೆ ಸೇರಲು ಕರೆದರು. ಕೆಲವರಿಗೆ ಪ್ರವೇಶ ಸಲೀಸು. ಇನ್ನು ಕೆಲವರು ನಾಚಿಕೆಯಾಗುವಂಥ ಅಶ್ಲೀಲ ಮಾತುಗಳನ್ನು ಗಂಡಸೊಬ್ಬನ ಮುಂದೆ ಗಟ್ಟಿಯಾಗಿ ಓದಬೇಕಿತ್ತು. ಆಮೇಲೆ ಎಲ್ಲರಿಗೂ ಆ ಗುಂಪಿನ ಚರ್ಚೆ ಕೇಳಿಸಿದರು. ಬೇಕೆಂದೇ ಸಪ್ಪೆಯಾಗಿ ಮಾಡಿಟ್ಟ ಚರ್ಚೆ. ಯಾರಿಗೆ ಅದು ಚೆನ್ನಾಗಿದೆ ಅನಿಸಿತು ಗೊತ್ತಾ? ಹೆಚ್ಚು ಕಷ್ಟಪಟ್ಟು ಒಳಗೆ ಬಂದವರಿಗೆ. ಇಷ್ಟು ಅವಮಾನ ಪಟ್ಟು ಬಂದಿದ್ದೇನೆ, ಒಳಗಿರುವುದು ಬೆಲೆಬಾಳುವಂಥದ್ದೇ ಇರಬೇಕು ಎಂದು ಮನಸ್ಸು ತನಗೆ ತಾನೇ ಸಮಜಾಯಿಷಿ ಕೊಡುತ್ತದೆ. ಕ್ಯೂನಲ್ಲಿ ಮೂರು ಗಂಟೆ ನಿಂತು ತಿಂದ ದೋಸೆಯನ್ನು ಯಾರಾದರೂ ಚೆನ್ನಾಗಿಲ್ಲ ಅನ್ನುತ್ತಾರಾ?

ಸಿನಿಮಾದ ಹುಡುಗರೂ ಹೀಗೇ ಸಿಕ್ಕಿಬೀಳುತ್ತಾರೆ. ಮೊದಲ ದಿನ ಬಗ್ಗಿ ದಂಡ ಹೊಡೆಯುವುದು, ಬೈಗುಳ. ಅಷ್ಟಕ್ಕೆ ಎದ್ದು ಹೋದರೆ ಹೇಡಿ ಅನ್ನಿಸಿಕೊಳ್ಳಬೇಕು. ಮೂರನೇ ದಿನ ಕೆಸರು, ಕಪಾಳಕ್ಕೆ ಏಟು. ಈಗ ಎದ್ದು ಹೋದರೆ ಎರಡು ದಿನ ಪಟ್ಟದ್ದೆಲ್ಲ ದಂಡ. ಐದನೇ ದಿನಕ್ಕೆ ನಿದ್ದೆಯಿಲ್ಲ, ಕಣ್ಣಿಗೆ ಬಟ್ಟೆ, ಮುಂದೆ ಬಿಯರ್ ಪೀಪಾಯಿ. ಯೋಚಿಸುವ ಶಕ್ತಿಯೇ ಉಳಿದಿರುವುದಿಲ್ಲ. ಪಕ್ಕದಲ್ಲಿ ಜೊತೆಗಾರ ಬೇರೆ ಇದ್ದಾನೆ. ನಾನು ಹೋದರೆ ನನ್ನ ಪಾಲಿನದೂ ಅವನ ಮೇಲೆ ಬೀಳುತ್ತದೆ. ಅಲ್ಲಿ ಹೊಸ ಹುಡುಗರನ್ನು 'ಗೋಟ್' ಅಂದರೆ ಮೇಕೆ ಅಂತಲೇ ಕರೆಯುತ್ತಾರೆ. ನಮ್ಮ ಕಡೆಯವರಾದರೆ ಹರಕೆಯ ಕುರಿ ಅನ್ನುತ್ತಿದ್ದೆವು. ತೋರಣಕ್ಕೆ ತಂದ ತಳಿರನ್ನು ಮೇಯುತ್ತಾ ನಿಂತಿರುತ್ತದಲ್ಲ, ಅದು.

ಹಿರಿಯ ಹುಡುಗರು ರಾಕ್ಷಸರಾ? ಅಲ್ಲ. ಹೋದ ವರ್ಷ ಅವರೇ ಆ ಕೆಸರಿನಲ್ಲಿದ್ದರು. ಅತ್ತೆಯ ಕೈಲಿ ಅನುಭವಿಸಿದ ಸೊಸೆ ತಾನು ಅತ್ತೆಯಾದಾಗ ಹೇಗಿರುತ್ತಾಳೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಈ ಸಲ ಮೆತ್ತಗೆ ಬಿಟ್ಟರೆ, ತಾವು ಪಟ್ಟದ್ದು ಸುಮ್ನೆ ಅಂತ ಒಪ್ಪಿಕೊಂಡಂತೆ. ನಟ ಜೇಮ್ಸ್ ಫ್ರಾಂಕೊ ಬರುವ ಚಿಕ್ಕ ಪಾತ್ರ ನೆನಪು ಮಾಡಿಕೊಳ್ಳಿ. ಅವರು ಈ ಚಿತ್ರದ ನಿರ್ಮಾಪಕರಲ್ಲೊಬ್ಬರೂ ಹೌದು. ಕಾಲೇಜು ಬಿಟ್ಟು ಎಷ್ಟೋ ವರ್ಷವಾದ, ಸಂಸಾರಸ್ಥ ಹಳೆಯ ಸದಸ್ಯ. ಕುಡಿದುಕೊಂಡು ಆ ಮನೆಗೆ ಬರುತ್ತಾನೆ, ಹೊಟ್ಟೆಗೆ ಗುದ್ದು ಅನ್ನುತ್ತಾನೆ, ಕಿರುಚುತ್ತಾನೆ, ಬಿದ್ದು ಮಲಗುತ್ತಾನೆ. ಎಲ್ಲರೂ ಅವನನ್ನು ಹೀರೋ ಥರ ನೋಡುತ್ತಾರೆ. ನನಗೆ ಇಡೀ ಚಿತ್ರದಲ್ಲಿ ಅತ್ಯಂತ ದುಃಖದ ದೃಶ್ಯ ಅದು. ಹೊಡೆತದ ದೃಶ್ಯಗಳಿಗಿಂತಲೂ.

ಅಣ್ಣ ಬ್ರೆಟ್‌ನ ಪಾತ್ರ ಮಾಡಿದ ನಿಕ್ ಜೋನಸ್ ಬಗ್ಗೆಯೂ ಒಂದು ಮಾತು. ಪ್ರಿಯಾಂಕಾ ಚೋಪ್ರಾ ಗಂಡ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು, ನಟ ಅಂತ ಗೊತ್ತಿರುವವರು ಕಡಿಮೆ. ಇಲ್ಲಿ ಅವನದು ಹೆಚ್ಚು ಮಾತಿಲ್ಲದ ಕೆಲಸ. ತಮ್ಮನಿಗೆ ಬೀಳುವ ಏಟನ್ನು ಮೂಲೆಯಲ್ಲಿ ನಿಂತು ನೋಡುವುದು. ಹೋದ ವರ್ಷದವರೆಗೆ ತಮಾಷೆ ಎಂದುಕೊಂಡದ್ದು ತಮ್ಮನ ಮೇಲೆ ಬಿದ್ದಾಗ ತಮಾಷೆಯಾಗಿ ಕಾಣುವುದಿಲ್ಲ. ಕೆಲಸದಲ್ಲಿ ನನಗೆ ಒಳಗಿನ ಸುದ್ದಿ ತಂದವರು ಬಹುಪಾಲು ಇಂಥವರೇ. ಏಟು ತಿಂದವರು ಬಂದದ್ದು ಅಪರೂಪ.

"ನಿಜವಾ, ಜಾಸ್ತಿ ಮಾಡಿದ್ದಾರಾ?" ಅಂದಿರಿ. ಜಾಸ್ತಿ ಮಾಡಿಲ್ಲ. ಆದರೆ ನಿಮ್ಮ ಭಯವನ್ನು ಸಿನಿಮಾ ತಪ್ಪು ಜಾಗಕ್ಕೆ ತಿರುಗಿಸುತ್ತದೆ. ಕೆಸರು, ಹಗ್ಗ, ಕಿರುಚಾಟ ಕಣ್ಣಿಗೆ ಹೊಡೆಯುತ್ತವೆ. ಬ್ರ್ಯಾಡ್‌ನ ರೂಮ್‌ಮೇಟ್ ವಿಲ್ ಸಾಯುವುದೂ ಕುಡಿತದಿಂದಲ್ಲ, ಅವನ ಹೃದಯ ಕೈಕೊಡುತ್ತದೆ. ಈಚಿನ ವರ್ಷಗಳ ಫ್ರಟರ್ನಿಟಿ ಸಾವುಗಳನ್ನು ನೋಡಿದರೆ ಹೆಚ್ಚಿನವು ಸದ್ದಿಲ್ಲದೆ ಆದವು. ಮದ್ಯದಿಂದ, ಸೋಫಾ ಮೇಲೆ, ನಿದ್ದೆಯಲ್ಲಿ.

2017ರ ಫೆಬ್ರವರಿ 2ರ ರಾತ್ರಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಫ್ರಟರ್ನಿಟಿ ಮನೆಯಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ಸಂಭ್ರಮವಿತ್ತು. 19 ವರ್ಷದ ಹುಡುಗನೊಬ್ಬನಿಗೆ 82 ನಿಮಿಷದಲ್ಲಿ 18 ಸಲ ಕುಡಿಸಿದ್ದರು ಎಂದು ಸರ್ಕಾರಿ ವಕೀಲರು ಹೇಳಿದರು. ನಮ್ಮ ಲಿವರ್ ಗಂಟೆಗೆ ಸುಮಾರು ಒಂದು ಡ್ರಿಂಕ್ ಮಾತ್ರ ಕರಗಿಸಬಲ್ಲದು. ಲೆಕ್ಕ ನೀವೇ ಹಾಕಿ. ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದ. ಎತ್ತಿ ತಂದು ಸೋಫಾ ಮೇಲೆ ಮಲಗಿಸಿದರು. ಅಂಗಾತ ಹೊರಳಿ ವಾಂತಿ ಉಸಿರುನಾಳಕ್ಕೆ ಹೋಗದಿರಲಿ ಅಂತ ಪುಸ್ತಕ ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿದರು. ಅಷ್ಟು ಗೊತ್ತಿತ್ತು ಅವರಿಗೆ, ನೋಡಿ. ಆಂಬುಲೆನ್ಸ್ ಕರೆಯಬೇಕು ಅಂತ ಮಾತ್ರ ಮರುದಿನ ಬೆಳಗಿನವರೆಗೆ, ಸುಮಾರು 12 ಗಂಟೆ, ಯಾರೂ ಅಂದುಕೊಳ್ಳಲಿಲ್ಲ. ಮನೆಯೊಳಗಿನ ಕ್ಯಾಮೆರಾಗಳಲ್ಲಿ ಎಲ್ಲ ದಾಖಲಾಗಿತ್ತು. ಫೆಬ್ರವರಿ 4ರಂದು ಹುಡುಗ ತೀರಿಕೊಂಡ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಸಾವು. ಅಲ್ಲಿ ಆಟದ ಹೆಸರು 'ಬೈಬಲ್ ಸ್ಟಡಿ'. ಫ್ರಟರ್ನಿಟಿಯ ಬಗ್ಗೆ ಪ್ರಶ್ನೆ ಕೇಳುವುದು, ತಪ್ಪು ಹೇಳಿದರೆ ಕುಡಿಯುವುದು. 18 ವರ್ಷದ ಹುಡುಗನ ರಕ್ತದಲ್ಲಿ ಮದ್ಯ ಶೇ 0.495 ಇತ್ತು. ವಾಹನ ಓಡಿಸಲು ಅಲ್ಲಿನ ಕಾನೂನಿನ ಮಿತಿ ಶೇ 0.08.

ಇನ್ನೊಂದು ರಾತ್ರಿಯ ಹೆಸರನ್ನು ನೀವು ನೆನಪಿಟ್ಟುಕೊಳ್ಳಲೇಬೇಕು. 'ಬಿಗ್-ಲಿಟಲ್ ನೈಟ್'. ಪ್ರತಿ ಹೊಸಬನಿಗೂ ಒಬ್ಬ 'ಅಣ್ಣ' ಸಿಗುವ ರಾತ್ರಿ. ಕೇಳಲು ಎಷ್ಟು ಚೆಂದ! ಅಣ್ಣ ತಮ್ಮನಿಗೆ ಒಂದು ಬಾಟಲಿ ಕೊಡುತ್ತಾನೆ. ತಮ್ಮ ಅದನ್ನು ಖಾಲಿ ಮಾಡಬೇಕು. ಅದೇ 'ಫ್ಯಾಮಿಲಿ ಬಾಟಲ್'. 2017ರ ನವೆಂಬರ್‌ನಲ್ಲಿ ಫ್ಲಾರಿಡಾ ಸ್ಟೇಟ್, 2021ರ ಫೆಬ್ರವರಿಯಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್, ಅದಾಗಿ ಒಂದೇ ವಾರಕ್ಕೆ ನಿಮ್ಮ ಒಹಾಯೋದ ಬೌಲಿಂಗ್ ಗ್ರೀನ್. ಮೂರು ವಿಶ್ವವಿದ್ಯಾಲಯಗಳಲ್ಲೂ ಅದೇ ರಾತ್ರಿ, ಅದೇ ರೂಢಿ, ಒಬ್ಬೊಬ್ಬ ಹುಡುಗನ ಸಾವು. ಬೌಲಿಂಗ್ ಗ್ರೀನ್‌ನ ಹುಡುಗ ಸುಮಾರು ಒಂದು ಲೀಟರ್ ಬರ್ಬನ್ ವಿಸ್ಕಿ ಕುಡಿದಿದ್ದ. ಅಲ್ಲಿ ಯಾರೂ ಕಪಾಳಕ್ಕೆ ಹೊಡೆಯಬೇಕಿಲ್ಲ. ಸುತ್ತ ನಿಂತು ಪ್ರೀತಿಯಿಂದ ಹುರಿದುಂಬಿಸಿದರೆ ಸಾಕು. ಕ್ಯಾಮೆರಾ ಹಿಡಿದರೆ ಅದು ಹುಟ್ಟುಹಬ್ಬದ ಹಾಗೆ ಕಾಣುತ್ತದೆ. ಹಾಗಾಗಿ ಯಾರೂ ಅದನ್ನು ಸಿನಿಮಾ ಮಾಡಲಾರರು.

ಇಲ್ಲಿ ಒಂದು ಸಣ್ಣ ವೈದ್ಯಕೀಯ ವಿಚಾರ, ಅಳಿಯನಿಗೆ ಹೇಳಲೇಬೇಕಾದದ್ದು. "ಮಲಗಲಿ ಬಿಡು, ಇಳಿಯುತ್ತೆ" ಅನ್ನುವುದೇ ಕೊಲ್ಲುವ ಮಾತು. ಕುಡಿದವನು ಎಚ್ಚರ ತಪ್ಪಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಟ್ಟ ಏರುತ್ತಾ ಹೋಗುತ್ತದೆ. ಉಸಿರಾಟ ನಿಧಾನವಾಗುತ್ತದೆ. ವಾಂತಿ ಬಂದರೆ ಕೆಮ್ಮುವ ಶಕ್ತಿಯೂ ಇರುವುದಿಲ್ಲ. ಅಲ್ಲಾಡಿಸಿದರೂ ಏಳದಿದ್ದರೆ, ಮೈ ತಣ್ಣಗಾಗಿದ್ದರೆ, ಗೊರಕೆ ವಿಚಿತ್ರವಾಗಿದ್ದರೆ ಅಲ್ಲಿನ ತುರ್ತು ನಂಬರ್ 911ಕ್ಕೆ ಕರೆ ಮಾಡಬೇಕು, ಅಷ್ಟೇ. ಅಮೆರಿಕದಲ್ಲಿ ಕುಡಿಯುವ ವಯಸ್ಸು 21. ಆ ಭಯಕ್ಕೇ ಹುಡುಗರು ಫೋನ್ ಎತ್ತುವುದಿಲ್ಲ. ಆದರೆ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ, ಪ್ರಾಣ ಉಳಿಸಲು ಕರೆ ಮಾಡಿದವನ ಮೇಲೆ ಕುಡಿತಕ್ಕಾಗಿ ಶಿಸ್ತುಕ್ರಮ ಇಲ್ಲ ಎಂಬ ನಿಯಮವಿದೆ. ಇದನ್ನು ಅವನು ಮೊದಲೇ ತಿಳಿದುಕೊಂಡಿರಬೇಕು. ಆ ಹೊತ್ತಿನಲ್ಲಿ ಹುಡುಕಲಾಗುವುದಿಲ್ಲ.

"ನಮ್ಮವರದೇ ಫ್ರಟರ್ನಿಟಿ, ಅಲ್ಲಿ ಹಾಗೆಲ್ಲ ಇರಲ್ಲ" ಅಂತ ಅಕ್ಕ ಅಂದಾರು. ದಕ್ಷಿಣ ಏಷ್ಯಾ ಮೂಲದ ಹುಡುಗರ ಸಂಘಗಳು ಈಗ ಅಲ್ಲಿ ಸಾಕಷ್ಟಿವೆ. 1994ರಲ್ಲಿ ನ್ಯೂಯಾರ್ಕ್‌ನ ಬಿಂಗ್‌ಹ್ಯಾಂಟನ್‌ನಲ್ಲಿ ಐಯೋಟಾ ನು ಡೆಲ್ಟಾ, 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಹೀಗೆ. ದೀಪಾವಳಿ ಮಾಡುತ್ತಾರೆ, ಭಾಂಗ್ಡಾ ಕುಣಿಯುತ್ತಾರೆ. ಎಷ್ಟೋ ಹುಡುಗರಿಗೆ ಅವು ಒಳ್ಳೆಯದನ್ನೇ ಮಾಡಿವೆ. ಆದರೆ ನಮ್ಮವರು ಅನ್ನುವುದೊಂದೇ ರಕ್ಷಣೆಯಲ್ಲ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಒಂದು ಏಷ್ಯನ್-ಅಮೆರಿಕನ್ ಫ್ರಟರ್ನಿಟಿ ತನ್ನ ಹೊಸಬರನ್ನು ಪೆನ್ಸಿಲ್ವೇನಿಯಾದ ಬೆಟ್ಟದ ಮನೆಗೆ ಕರೆದೊಯ್ದಿತು. ಆಚರಣೆಯ ಹೆಸರು 'ಗಾಜಿನ ಚಾವಣಿ'. ವಲಸಿಗರು ಎದುರಿಸುವ ತಾರತಮ್ಯದ ಸಂಕೇತವಂತೆ. ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಮರಳಿನ ಚೀಲ ಹೊರಿಸಿ, ಹೆಪ್ಪುಗಟ್ಟಿದ ನೆಲದ ಮೇಲೆ ನಡೆಸಿ, ಎದುರಿನಿಂದ ಡಿಕ್ಕಿ ಹೊಡೆದು ಬೀಳಿಸಿದರು. ಒಬ್ಬ ಹುಡುಗ ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವ ಮೊದಲು ಅವನ ಲಕ್ಷಣಗಳನ್ನು ಫೋನಿನಲ್ಲಿ ಹುಡುಕುತ್ತಾ ಕೂತರು, ಫ್ರಟರ್ನಿಟಿಯ ಗುರುತಿರುವ ವಸ್ತುಗಳನ್ನು ಬಚ್ಚಿಟ್ಟರು. ವಲಸಿಗರ ಮಕ್ಕಳೇ ವಲಸಿಗರ ಮಗನನ್ನು, ವಲಸಿಗರ ಕಷ್ಟ ಕಲಿಸುತ್ತೇವೆ ಅಂತ ಹೇಳಿ, ಕೊಂದರು. 2018ರಲ್ಲಿ ನ್ಯಾಯಾಲಯ ಆ ಫ್ರಟರ್ನಿಟಿಯನ್ನು ಪೆನ್ಸಿಲ್ವೇನಿಯಾದಿಂದ ಹತ್ತು ವರ್ಷ ಹೊರಹಾಕಿತು.

ಕಪ್ಪು ಅಮೆರಿಕನ್ನರ ಫ್ರಟರ್ನಿಟಿಗಳು 1990ರಲ್ಲೇ ಪ್ಲೆಜ್ ಪದ್ಧತಿಯನ್ನು ಅಧಿಕೃತವಾಗಿ ಕೈಬಿಟ್ಟವು. ನಿಂತಿತಾ? ಕದ್ದುಮುಚ್ಚಿ ನಡೆಯಿತು. 2017ರ 'ಬರ್ನಿಂಗ್ ಸ್ಯಾಂಡ್ಸ್' ಚಿತ್ರ ಆ ಲೋಕದ್ದು. 'ಗೋಟ್' ಆದಮೇಲೆ ಅದನ್ನೂ ನೋಡುವುದಾದರೆ ನಿದ್ದೆಯ ವಿಷಯ ನಾನು ಹೊಣೆಯಲ್ಲ.

ಭಾವನಿಗೆ ಹೇಳಲು ಎರಡು ಸಂಗತಿ. "ಇದ್ದದ್ದೇ" ಅನ್ನುವ ಕಾಲ ಮುಗಿದಿದೆ, ಕನಿಷ್ಠ ಕಾನೂನಿನಲ್ಲಿ. ನಮ್ಮಲ್ಲಿ 2009ರಲ್ಲಿ ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರ‍್ಯಾಗಿಂಗ್‌ನಿಂದ ಸತ್ತ ಮೇಲೆ ಯುಜಿಸಿ ಕಟ್ಟುನಿಟ್ಟಿನ ನಿಯಮ ತಂದಿತಲ್ಲ, ಒಹಾಯೋದಲ್ಲಿ ಹಾಗೇ 2021ರಲ್ಲಿ 'ಕಾಲಿನ್ಸ್ ಲಾ' ಬಂತು. 2018ರಲ್ಲಿ ಒಹಾಯೋ ವಿಶ್ವವಿದ್ಯಾಲಯದಲ್ಲಿ ಸತ್ತ ಹುಡುಗನ ಹೆಸರಿನ ಕಾಯ್ದೆ ಅದು. ಬಲವಂತದಿಂದ ಮದ್ಯ ಅಥವಾ ಡ್ರಗ್ಸ್ ಕೊಟ್ಟು ಗಂಭೀರ ಹಾನಿಯಾದರೆ ಅದೀಗ ಜೈಲಿಗೆ ಕಳಿಸುವ ದೊಡ್ಡ ಅಪರಾಧ. "ಅವನೇ ಒಪ್ಪಿ ಬಂದಿದ್ದ" ಅನ್ನುವ ನೆಪ ನಡೆಯುವುದಿಲ್ಲ. ನೆನಪಿಡಿ, ನಿಮ್ಮ ಅಳಿಯ ಇಂದು ಮೇಕೆ, ಮುಂದಿನ ವರ್ಷ ಹಿರಿಯ. ಕೇಸು ಬೀಳುವುದು ಹಿರಿಯರ ಮೇಲೆ.

ಎರಡನೆಯದು ಹೆಚ್ಚು ಉಪಯೋಗದ್ದು. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ 'ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್' ಕಾಯ್ದೆಗೆ ಸಹಿಯಾಯಿತು. ಅದರ ಪ್ರಕಾರ ವಿಶ್ವವಿದ್ಯಾಲಯಗಳು ಯಾವ ಸಂಘದ ಮೇಲೆ ಹೇಜಿಂಗ್ ಆರೋಪ ಸಾಬೀತಾಗಿದೆ, ಏನು ಮಾಡಿದ್ದರು, ಯಾವಾಗ ಎಂಬುದನ್ನು ಸಂಘದ ಹೆಸರು ಸಮೇತ ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಅಳಿಯನ ಯೂನಿವರ್ಸಿಟಿಯ ಹೆಸರಿನ ಜೊತೆ 'ಹೇಜಿಂಗ್ ಟ್ರಾನ್ಸ್‌ಪರೆನ್ಸಿ ರಿಪೋರ್ಟ್' ಎಂದು ಹುಡುಕಿ. ನೀವು ಶಿವಮೊಗ್ಗದಲ್ಲೇ ಕೂತು ಓದಬಹುದು. ಹುಡುಗಿ ನೋಡಲು ಹೋಗುವ ಮುಂಚೆ ಮನೆತನ ವಿಚಾರಿಸುತ್ತೇವಲ್ಲ, ಅದೇ ರೀತಿ. ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅಂತಲ್ಲ. ಹೆಸರಿದ್ದರೆ ಮಾತ್ರ ಬೇರೆ ಯೋಚನೆ ಬೇಡ.

ಇನ್ನು ಹುಡುಗನ ಜೊತೆ ಮಾತು. "ಸೇರಬೇಡ" ಅನ್ನಬೇಡಿ. ಎಲ್ಲ ಫ್ರಟರ್ನಿಟಿಯೂ ಸಿನಿಮಾದ ಮನೆಯಲ್ಲ. ಕೆಲವು ದೊಡ್ಡ ಸಂಘಗಳು ಪ್ಲೆಜ್ ಹಂತವನ್ನೇ ತೆಗೆದುಹಾಕಿವೆ. ಸಿಗ್ಮಾ ಆಲ್ಫಾ ಎಪ್ಸಿಲಾನ್ 2014ರಲ್ಲೇ ಹಾಗೆ ಮಾಡಿತು. ಜೊತೆಗೆ, ಬೇಡ ಅಂದರೆ ಅವನು ಮುಚ್ಚಿಡುತ್ತಾನೆ. ಮುಚ್ಚಿಡುವುದನ್ನು ಕಲಿಸಲು ಅಲ್ಲಿ ಆಗಲೇ ನಲವತ್ತು ಜನರಿದ್ದಾರೆ, ನೀವು ನಲವತ್ತೊಂದನೆಯವರಾಗಬೇಡಿ. ಸಣ್ಣ ಸಣ್ಣದನ್ನು ಕೇಳಿ. ರಾತ್ರಿ ಎಷ್ಟು ಹೊತ್ತು ಮಲಗಿದೆ? ಫೋನ್ ಯಾರಾದರೂ ತೆಗೆದಿಟ್ಟುಕೊಳ್ಳುತ್ತಾರಾ? ಬಿಗ್-ಲಿಟಲ್ ರಾತ್ರಿ ಯಾವತ್ತು? ಅಮ್ಮನಿಗೆ ಹೇಳಬಾರದು ಅಂದದ್ದು ಏನಾದರೂ ಇದೆಯಾ? ಕೊನೆಯದಕ್ಕೆ ನಕ್ಕರೆ, ಸ್ವಲ್ಪ ಹೊತ್ತು ಸುಮ್ಮನಿರಿ. ಅವನೇ ಹೇಳುತ್ತಾನೆ.

ಆಮೇಲೆ, ನೀವು ದೂರ ಇದ್ದೀರಿ ಅಂತ ಕೊರಗಬೇಡಿ. ಅಕ್ಟೋಬರ್ ತಿಂಗಳಲ್ಲಿ ಒಹಾಯೋದಲ್ಲಿ ರಾತ್ರಿ ಒಂದು ಗಂಟೆಯಾದಾಗ ಶಿವಮೊಗ್ಗದಲ್ಲಿ ಬೆಳಿಗ್ಗೆ ಹತ್ತೂವರೆ. ಅವನ ಅಪ್ಪ ಅಮ್ಮ ಮಲಗಿರುತ್ತಾರೆ. ಎಬ್ಬಿಸಿದರೆ ಬೈಗುಳ ಬೀಳುತ್ತದೆ ಅಂತ ಅವನು ಅವರಿಗೆ ಮಾಡುವುದಿಲ್ಲ. ನೀವು ತಿಂಡಿ ಮುಗಿಸಿ ಎರಡನೇ ಕಾಫಿಯಲ್ಲಿರುತ್ತೀರಿ. "ಮೊದಲು 911, ಆಮೇಲೆ ಮಾಮ" ಅಂತ ಅವನಿಗೆ ಹೇಳಿಡಿ. ಫೋನನ್ನು ಸೈಲೆಂಟ್‌ನಲ್ಲಿ ಇಡಬೇಡಿ.